ಸಂಪದಭ್ಯುದಯ ಸಮಾಜವೂ ಊರಿನ ಮಾತೂ

ರಾಜ್ಯವನ್ನು ಆಳುವವರು ಪ್ರಜೆಗಳನ್ನು ಎರಡು ಬಗೆಯಾಗಿ ಪ್ರಶ್ನಿಸಬಹುದು. ‘ನಿಮಗೆ ಏನು ಕೊರತೆ?’ ಎಂದು ಕೇಳುವುದು ಒಂದು ಬಗೆ. ‘ನಿಮ್ಮ ಊರು ಏಳಿಗೆಗೆ ಬರುವುದಕ್ಕೆ ನೀವು ಏನು ಮಾಡಬಲ್ಲಿರಿ?’ ಎಂದು ಕೇಳುವುದು ಇನ್ನೊಂದು ಬಗೆ. ಮೈಸೂರು ಸಂಸ್ಥಾನದಲ್ಲಿ ಮೊದಲನೆಯ ಪ್ರಶ್ನೆಯನ್ನು 1881ರಲ್ಲಿಯೂ ಎರಡನೆಯ ಪ್ರಶ್ನೆಯನ್ನು 1911ರಲ್ಲಿಯೂ ಸರ್ಕಾರದವರೇ ಮುಂದಾಗಿ ಕೇಳಿದರು. ಕೇಳದಿದ್ದರೆ ಅವರನ್ನು ಬಲವಂತಪಡಿಸುವ ಶಕ್ತಿ ಆಗಿನ ಪ್ರಜೆಗಳಿಗೆ ಇರಲಿಲ್ಲ. ಆದುದರಿಂದ ಕೇಳಿದ್ದೇ ಒಂದು ಹಿರಿಮೆಯೆಂದು ನಮ್ಮ ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಹೇಳುವುದು ನ್ಯಾಯವೇ. ಆದರೆ ಯಾರನ್ನು ಕೇಳಿದರು, ಯಾರ ಉತ್ತರ ಸಭೆಯವರೆಗೆ ಬಂದಿತು, ಯಾರದು ಊರಿನಲ್ಲಿಯೇ ಉಳಿಯಿತು ಎಂಬುದನ್ನೂ ನೋಡದೆ ಈ ಹಿರಿಮೆಯ ಅಳತೆ ಸಿಕ್ಕುವುದಿಲ್ಲ. ಈ ದಿನ ಆ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯ ಪ್ರಶ್ನೆಯ ಹಿಂದೆ ಒಂದು ಭಯಂಕರವಾದ ಕ್ಷಾಮವಿದ್ದಿತು. 1876ರಿಂದ 1878ರವರೆಗೆ ನಡೆದ ಆ ಕ್ಷಾಮದ ಹಾವಳಿಯನ್ನು ತಿಳಿಯಲು ವರ್ಣನೆ ಬೇಕಿಲ್ಲ, ಖಾನೇಷುಮಾರಿಯ ಎರಡು ಅಂಕಿಗಳು ಸಾಕು. 1871ರ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದಿತು. 1881ರಲ್ಲಿ ಎಣಿಸಿದಾಗ ಉಳಿದಿದ್ದವರು 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕಿಂತ ಹೆಚ್ಚಾಗಿ ಕುಗ್ಗಿದ್ದರು. ಬೊಕ್ಕಸದ ತಲೆಯ ಮೇಲೆ 80 ಲಕ್ಷ ರೂಪಾಯಿಗಳ ಸಾಲವಿದ್ದಿತು. ಇಂಥ ಸ್ಥಿತಿಯಲ್ಲಿ 1881ರ ಮಾರ್ಚ್ 25ರಂದು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯಾಧಿಕಾರ ಹಿಂದಿರುಗಿ ಬಂದಿತು. ರಂಗಾಚಾರ್ಲು ಅವರು ದಿವಾನರಾದರು. ಅವರು ಆ ವರ್ಷದ ಆಗಸ್ಟಿನಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದರು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯೂ ಜನರಲ್ಲಿ ಗೌರವವೂ ಉಳ್ಳ ಒಬ್ಬಿಬ್ಬರು ಭೂಮಾಲೀಕರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು ದಸರೆಯ ಕಾಲಕ್ಕೆ ಮೈಸೂರಿಗೆ ಬರಬೇಕು. ಹಿಂದಿನ ವರ್ಷದ ಆಡಳಿತದ ಲೆಕ್ಕವನ್ನೂ ಮುಂದೆ ಮಾಡಬೇಕೆಂದಿರುವ ಕೆಲಸಗಳನ್ನೂ ಸರ್ಕಾರ ಅವರ ಮುಂದಿಡುತ್ತದೆ. ಅವರು ತಮ್ಮ ಊರುಗಳ ಅಗತ್ಯಗಳನ್ನು ಹೇಳಬಹುದು. ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಅದೇ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ.

ಸಭೆಗೆ ಅಧಿಕಾರವೇನೂ ಇರಲಿಲ್ಲ. ಕೇಳಬಹುದು, ಹೇಳಬಹುದು, ಅಷ್ಟೆ. ಆದರೂ ದಿವಾನರೊಬ್ಬರು ರಯತರ ಮುಂದೆ ನಿಂತು ರಾಜ್ಯದ ಆದಾಯ ಇಷ್ಟು, ಸಾಲ ಇಷ್ಟು, ರೈಲು ದಾರಿಗೆ ತಗಲುವ ವೆಚ್ಚ ಇಷ್ಟು ಎಂದು ಒಪ್ಪಿಸುವುದು ಈ ದೇಶದ ಸಂಸ್ಥಾನಗಳಿಗೆ ಹೊಸತಾಗಿದ್ದಿತು. 1882ರ ಎರಡನೆಯ ಅಧಿವೇಶನದಲ್ಲಿ ರಂಗಾಚಾರ್ಲು ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವ್ಯವಸಾಯವೊಂದನ್ನೇ ನೆಚ್ಚಿಕೊಂಡ ನಾಡು ಏಳಿಗೆಗೆ ಬರಲಾರದು, ಕೈಗಾರಿಕೆಯೂ ಅದರ ಸಮಕ್ಕೆ ಬೆಳೆಯಬೇಕು ಎಂಬ ಅಭಿಪ್ರಾಯವನ್ನು ಪ್ರತಿನಿಧಿಗಳ ಮುಂದಿಟ್ಟರು. ಕ್ಷಾಮದಲ್ಲಿ ಸತ್ತವರಲ್ಲಿ ಹೆಚ್ಚಿನವರು ಮಳೆಯನ್ನು ಬಿಟ್ಟರೆ ಬೇರೆ ಆಸರೆಯಿಲ್ಲದ ಜನರೆಂಬುದನ್ನು ಅವರು ಮರೆತಿರಲಿಲ್ಲ. ಆದರೆ ಆ ಮಾತನ್ನು ಬೆಳೆಸುವುದಕ್ಕೆ ಅವರಿಗೆ ಆಯುಸ್ಸು ಉಳಿಯಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು.

ಪ್ರತಿನಿಧಿಗಳು ಏನು ಹೇಳಿದರು? ವರ್ಷವರ್ಷವೂ ಅವರು ತಂದ ಅಹವಾಲುಗಳು ಹೆಚ್ಚುಕಡಿಮೆ ಒಂದೇ ಜಾತಿಯವು. ಕೆರೆಯ ಏರಿ ಬಿರಿದಿದೆ, ದುರಸ್ತಿಯಾಗಬೇಕು. ಸಂತೆಗೆ ಹೋಗುವ ರಸ್ತೆಯಲ್ಲಿ ಗಾಡಿ ಹೂಳುತ್ತದೆ. ಕಾಡಿನ ಕಾವಲುಗಾರರು ದನ ಮೇಯಲು ಬಿಡುವುದಿಲ್ಲ. ಕಂದಾಯದ ಕಂತು ಬೆಳೆ ಮಾರುವುದಕ್ಕೆ ಮೊದಲೇ ಬರುತ್ತದೆ. ಆಸ್ಪತ್ರೆ ಬೇಕು, ಶಾಲೆ ಬೇಕು. ಓದಿದವರು ಕೆಲವರು ಇಂಥ ಅಹವಾಲುಗಳನ್ನು ಕಂಡು ನಕ್ಕುದುಂಟು. ರಾಜ್ಯದ ವಿಚಾರವನ್ನು ಆಡಿರೆಂದು ಕರೆದರೆ ತೂಬಿನ ವಿಚಾರವನ್ನು ತಂದರು ಎಂದು. ನನಗೆ ಈ ನಗೆ ಸರಿಯೆಂದು ತೋರುವುದಿಲ್ಲ. ಬಯಲುಸೀಮೆಯ ಒಂದು ಹಳ್ಳಿಗೆ ಕೆರೆಯ ತೂಬೇ ಆರ್ಥಿಕ ಯೋಜನೆ. ತೂಬು ಸೋರಿದರೆ ಗದ್ದೆ ಇಲ್ಲ, ಗದ್ದೆ ಇಲ್ಲದಿದ್ದರೆ ಮನೆಯಲ್ಲಿ ಭತ್ತವಿಲ್ಲ, ಅಂಗಡಿಯವನಿಗೆ ವ್ಯಾಪಾರವಿಲ್ಲ, ಸರ್ಕಾರಕ್ಕೆ ಕಂದಾಯವೂ ಇಲ್ಲ. ಪ್ರತಿನಿಧಿ ತನಗೆ ಗೊತ್ತಿದ್ದ ಅರ್ಥಶಾಸ್ತ್ರವನ್ನೇ ಹೇಳಿದನು. ಲೋಪವಿದ್ದುದು ಬೇರೆ ಕಡೆ. ಕೇಳುವವನು ಕೊಡುವವನಾಗಿಯೂ ಹೇಳುವವನು ಬೇಡುವವನಾಗಿಯೂ ಉಳಿದರು. ಮಂಜೂರು, ಇಲ್ಲವೆ ಪರಿಶೀಲನೆ. ಈ ಎರಡು ಮಾತುಗಳಲ್ಲಿ ಒಂದು ತಾಲ್ಲೂಕಿನ ವರ್ಷದ ಭವಿಷ್ಯ ಮುಗಿಯುತ್ತಿದ್ದಿತು.

ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಿಂದ, ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಏರ್ಪಾಡಾಯಿತು. ಮತ ಯಾರಿಗೆ? ತಾಲ್ಲೂಕಿಗೆ ತಕ್ಕಂತೆ ವರ್ಷಕ್ಕೆ 100 ರೂಪಾಯಿಗಳಿಂದ 300 ರೂಪಾಯಿಗಳವರೆಗೆ ಕಂದಾಯ ಕೊಡುವವರಿಗೆ, ನಿಯಮಿತ ಮೊತ್ತದ ಮನೆತೆರಿಗೆಯೋ ಅಂಗಡಿತೆರಿಗೆಯೋ ಕೊಡುವವರಿಗೆ, ಪದವೀಧರರಿಗೆ. ಆಗಿನ ನೂರು ರೂಪಾಯಿ ಕಂದಾಯವೆಂದರೆ ಸಾಮಾನ್ಯ ಹಿಡುವಳಿಯಲ್ಲ. ಎರಡೆಕರೆ ಹೊಲದವನಿಗೂ ಗೇಣಿಯವನಿಗೂ ಕೂಲಿಯವನಿಗೂ ಹೆಂಗಸರಿಗೂ ಆ ಬಾಗಿಲು ಮುಚ್ಚಿದ್ದಿತು. ಈಗ ನಮ್ಮ ರಾಜ್ಯದಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನೂರು ವರ್ಷಗಳ ದಾರಿ ಎಷ್ಟು ದೂರದ್ದೆಂದು ತಿಳಿಯುತ್ತದೆ.

ಇನ್ನು ಎರಡನೆಯ ಪ್ರಶ್ನೆ. 1909ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸಂಸ್ಥಾನದ ಚೀಫ್ ಇಂಜಿನಿಯರಾಗಿ ಬಂದರು. 1898ರಲ್ಲಿಯೇ ಅವರು ಜಪಾನನ್ನು ನೋಡಿ ಬಂದಿದ್ದರು; ಹಿಂದುಳಿದ ದೇಶವೊಂದು ಒಂದು ತಲೆಮಾರಿನಲ್ಲಿ ತಾನೇ ಎದ್ದು ನಿಂತುದನ್ನು ಕಂಡಿದ್ದವರಿಗೆ ಮೈಸೂರಿನ ಅಂಕಿಗಳು ನೆಮ್ಮದಿ ಕೊಡಲಿಲ್ಲ. 1911ರ ಗಣತಿಯಲ್ಲಿ ಸಂಸ್ಥಾನದ ಜನ 58,06,193. ಅವರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿಯಷ್ಟು. ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಹೊಲವೇ ಗತಿ. ಅಣೆಕಟ್ಟು ಕಟ್ಟಬಹುದು, ವಿದ್ಯುಚ್ಛಕ್ತಿ ತರಬಹುದು. ಆದರೆ ಅದನ್ನು ಉಪಯೋಗಿಸಿಕೊಳ್ಳುವ ಜನ ಎಲ್ಲಿ? ಈ ಯೋಚನೆಯಿಂದ ಹುಟ್ಟಿದ್ದು ಸಂಪದಭ್ಯುದಯ ಸಮಾಜ. ಇಂಗ್ಲಿಷಿನಲ್ಲಿ ಅದನ್ನು ಎಕನಾಮಿಕ್ ಕಾನ್ಫರೆನ್ಸ್ ಎಂದು ಕರೆಯುತ್ತಿದ್ದರು. 1911ರ ಜೂನ್ 10ರಂದು ಶ್ರೀ ಕೃಷ್ಣರಾಜ ಒಡೆಯರವರು ಅದನ್ನು ಮೈಸೂರಿನಲ್ಲಿ ಪ್ರಾರಂಭಿಸಿದರು. ಆಗ ದಿವಾನರಾಗಿದ್ದವರು ಟಿ. ಆನಂದರಾಯರು, ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರ ನವೆಂಬರಿನಲ್ಲಿ.

ಸಮಾಜದಲ್ಲಿ ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಟ್ಟಿಗೆ ಕುಳಿತರು. ಕೆಲಸವನ್ನು ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳಿಗೆ ಹಂಚಿದರು. ಇವುಗಳ ಕೆಳಗೆ ಜಿಲ್ಲೆಗಳಲ್ಲಿ ಸಮಿತಿಗಳು, ಅವುಗಳ ಕೆಳಗೆ ತಾಲ್ಲೂಕಿನ ಸಮಿತಿಗಳು. ಮೇಲಿನಿಂದ ಪ್ರಶ್ನೆ ಕೆಳಗೆ ಇಳಿಯಬೇಕು, ಕೆಳಗಿನಿಂದ ಅಂಕಿ, ಅನುಭವ, ಸಲಹೆ ಮೇಲೆ ಹತ್ತಬೇಕು, ಇದು ಉದ್ದೇಶ. ನಿಮ್ಮ ತಾಲ್ಲೂಕಿನಲ್ಲಿ ಯಾವ ಬೆಳೆ ಎಷ್ಟು? ಮಗ್ಗಗಳೆಷ್ಟು? ಹೊರಗಿನಿಂದ ಕೊಳ್ಳುವ ಸಾಮಾನು ಯಾವುದು, ಅದನ್ನು ಇಲ್ಲಿಯೇ ಮಾಡಲಾಗದೆ? ಸಹಕಾರ ಸಂಘಕ್ಕೆ ಸೇರುವವರಿದ್ದಾರೆಯೆ? ಪ್ರಜಾಪ್ರತಿನಿಧಿ ಸಭೆಯಲ್ಲಿ ರಯತನು ಬೇಡುವವನಾಗಿದ್ದರೆ, ಇಲ್ಲಿ ಅವನು ಲೆಕ್ಕ ಕೊಡುವವನೂ ಹೊಣೆ ಹೊರುವವನೂ ಆಗಬೇಕಾಯಿತು.

ಕಾಗದದ ಮೇಲೆ ಇದು ಬಲು ಚೆಲುವಾದ ಏರ್ಪಾಡು. ಊರಿನಲ್ಲಿ ಅದು ಹೇಗೆ ಕಂಡಿರಬಹುದೆಂಬುದನ್ನು ಊಹಿಸುವುದೂ ಕಷ್ಟವಲ್ಲ. ತಲೆತಲಾಂತರದಿಂದ ಸರ್ಕಾರದವರು ಹಳ್ಳಿಗೆ ಬಂದು ಎಣಿಸಿದ್ದೆಲ್ಲ ಕಂದಾಯಕ್ಕಾಗಿಯೇ. ಶ್ಯಾನುಭೋಗನು ದಫ್ತರ ಬಿಚ್ಚಿ, ನಿನ್ನ ಹೊಲದಲ್ಲಿ ಎಷ್ಟು ಬೆಳೆಯಿತು, ನಿನಗೆ ಸಾಲವೆಷ್ಟು ಎಂದು ಕೇಳಿದರೆ ‘ಇದು ನಿನ್ನ ಅಭ್ಯುದಯಕ್ಕಾಗಿ’ ಎಂಬ ಮಾತನ್ನು ನಂಬುವ ರಯತನು ಎಲ್ಲಿದ್ದಾನೆ? ಕಡಿಮೆ ಹೇಳುವುದು ಜಾಣತನ. ಅಲ್ಲದೆ ತಾಲ್ಲೂಕಿನ ಯಜಮಾನಿಕೆಯೆಲ್ಲ ಅಮಲ್ದಾರರದು. ಅವರೆದುರಿಗೆ ಕುಳಿತು ಅವರ ಅಭಿಪ್ರಾಯಕ್ಕೆ ವಿರುದ್ಧವಾಗಿ ಮಾತಾಡುವ ಅಭ್ಯಾಸ ಊರಿನ ದೊಡ್ಡವರಿಗೇ ಇರಲಿಲ್ಲ, ಚಿಕ್ಕವರ ಮಾತೇನು! ಅಂಕಿಗಳಲ್ಲಿ ವಿಶ್ವೇಶ್ವರಯ್ಯನವರಿಗಿದ್ದ ನಂಬಿಕೆ ದೊಡ್ಡದು. ಆ ಅಂಕಿ ಬರೆಯುವ ಕೈಯ ಅಳುಕು ಅವರ ಲೆಕ್ಕದಲ್ಲಿ ಎಷ್ಟರಮಟ್ಟಿಗೆ ಸೇರಿತ್ತು ಎಂದು ನನಗೆ ಸಂಶಯ.

ಆದರೂ ಸಮಾಜ ಬರಿಯ ಮಾತಿನ ಮಂಟಪವಾಗಲಿಲ್ಲ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಾಣಿಜ್ಯ ಮಂಡಲಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ, ಪಟ್ಟಣಗಳಲ್ಲಿ ಸಾರ್ವಜನಿಕ ಪುಸ್ತಕಭಂಡಾರಗಳು, ಕಡ್ಡಾಯ ವಿದ್ಯಾಭ್ಯಾಸದ ಶಾಸನ, ಶ್ರೀಗಂಧದ ಎಣ್ಣೆಯ ಕಾರ್ಖಾನೆ. ಇವೆಲ್ಲ ಆ ಕೆಲವು ವರ್ಷಗಳ ಬೆಳೆ. ಇವುಗಳಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿದ್ದಕ್ಕೆ ಸಮಿತಿಗಿಂತ ಯುದ್ಧವೇ ಹೆಚ್ಚು ಕಾರಣ. 1914ರವರೆಗೆ ನಮ್ಮ ಗಂಧದ ಕೊರಡು ಹರಾಜಿನಲ್ಲಿ ಜರ್ಮನಿಯ ಕಡೆಗೆ ಹೋಗುತ್ತಿದ್ದಿತು. ಯುದ್ಧದಿಂದ ಕೊಳ್ಳುವವರೇ ಇಲ್ಲದಂತಾದಾಗ ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕಾಯಿತು. ಬ್ಯಾಂಕೂ ಅಷ್ಟೆ, ಕಾರ್ಖಾನೆಯೂ ಅಷ್ಟೆ, ದಿವಾನರಲ್ಲಿ ಸಂಕಲ್ಪವಿದ್ದರೆ ಜನರನ್ನು ಕೇಳದೆಯೂ ಆಗಬಹುದಾಗಿದ್ದವು.

ಕೇಳಿದ್ದರಿಂದಲೇ ಆದ ಒಂದು ಕೆಲಸವನ್ನು ಹೇಳಬೇಕಾದರೆ ನಾನು ಬೇರೊಂದನ್ನು ಹೇಳುತ್ತೇನೆ. ಸಮಾಜದ ವಿದ್ಯಾಭ್ಯಾಸದ ಸಮಿತಿಯ ಮುಂದೆ ಒಂದು ತೊಡಕು ಬಂದಿತು. ಹೊಸ ನೇಗಿಲು, ಹೊಸ ಬಿತ್ತನೆ, ರೇಷ್ಮೆಯ ರೋಗ, ಸಹಕಾರದ ಲೆಕ್ಕ, ಇವನ್ನೆಲ್ಲ ರಯತನಿಗೆ ಯಾವ ಭಾಷೆಯಲ್ಲಿ ತಿಳಿಸುವುದು? ಕನ್ನಡದಲ್ಲಿಯೇ ಸರಿ. ಆದರೆ ಆ ವಿಷಯಗಳಿಗೆ ಕನ್ನಡದಲ್ಲಿ ಪುಸ್ತಕಗಳೆಲ್ಲಿ, ಒಪ್ಪಿದ ಮಾತುಗಳೆಲ್ಲಿ? ಮೈಸೂರಿನ ಕನ್ನಡ ಒಂದು ಬಗೆ, ಧಾರವಾಡದ್ದು ಒಂದು ಬಗೆ, ಮಂಗಳೂರಿನದು ಇನ್ನೊಂದು ಬಗೆ. ನಾಡೇ ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದಿತು. ಹೀಗೆ ಆರ್ಥಿಕ ಪ್ರಶ್ನೆ ಭಾಷೆಯ ಪ್ರಶ್ನೆಯಾಯಿತು. ಉಪಸಮಿತಿ ನೇಮಕವಾಯಿತು, ಕರ್ಪೂರ ಶ್ರೀನಿವಾಸರಾಯರಂಥವರು ದುಡಿದರು, ಎಲ್ಲ ಕಡೆಯ ಕನ್ನಡಿಗರ ಅಭಿಪ್ರಾಯವನ್ನು ಕೇಳಿದರು. 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಮ್ಮೇಳನ ಸೇರಿ, ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಸಂಪತ್ತಿನ ಲೆಕ್ಕಕ್ಕೆಂದು ಕೂಡಿಸಿದ ಸಭೆಯಿಂದ ಸಾಹಿತ್ಯದ ಸಂಸ್ಥೆ ಹುಟ್ಟಿತೆಂದು ಕೆಲವರು ಸೋಜಿಗಪಡುತ್ತಾರೆ. ಸೋಜಿಗವೇನೂ ಇಲ್ಲ. ಜನರನ್ನು ಮಾತಾಡಿಸಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಮಾತೇ.

ಹಳ್ಳಿಗಳ ಕಡೆಗೆ ಬರೋಣ. ಸಮಾಜ ಹುಟ್ಟಿದ 1911ರಲ್ಲಿಯೇ ಕೆರೆ ಪಂಚಾಯತಿಗಳ ಶಾಸನವೊಂದು ಆಯಿತು. ಕೆರೆಯ ನಿಗಾವನ್ನು ನೀರುಣ್ಣುವವರ ಕೈಗೇ ಒಪ್ಪಿಸುವುದು ಅದರ ಗುರಿ. 1914ರಲ್ಲಿ ಗ್ರಾಮಾಭಿವೃದ್ಧಿಯ ಯೋಜನೆ ಬಂದಿತು. ಊರಿನವರು ಸೇರಿ ಒಂದು ಸಮಿತಿ ಮಾಡಿಕೊಳ್ಳಬೇಕು. ಯಾವ ಕೆಲಸ ಮೊದಲು ಆಗಬೇಕೆಂದು ತಾವೇ ಗೊತ್ತುಮಾಡಬೇಕು. ಬಾವಿ ತೋಡುವುದು, ಶಾಲೆಯ ಕಟ್ಟಡ, ಓಣಿಯ ಚರಂಡಿ, ತೋಪು ಬೆಳೆಸುವುದು, ಕೆರೆಯ ಹೂಳು ತೆಗೆಯುವುದು. ಹಣಕ್ಕೆ ಊರಿನ ವಂತಿಗೆಯೂ ಸರ್ಕಾರದ ಸಹಾಯವೂ ಸೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನವರೆಲ್ಲ ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕಾಗಿ ಕೂಲಿಯಿಲ್ಲದೆ ದುಡಿಯಬೇಕು.

ಈ ಅರ್ಧ ದಿನದ ವಿಚಾರ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇದರಲ್ಲಿರುವ ಭಾವನೆ ಉದಾತ್ತವಾದದ್ದು, ನಮ್ಮದೇ ಆದದ್ದು. ಹಿಂದೆ ಕೆರೆಯ ಹೂಳನ್ನು ಊರೆಲ್ಲ ಸೇರಿ ತೆಗೆಯುತ್ತಿದ್ದುದು ಹೀಗೆಯೇ. ಆದರೆ ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಅರ್ಧ ದಿನವೆಂದರೆ ವರ್ಷಕ್ಕೆ 26 ದಿನ. ಹತ್ತು ಎಕರೆ ಗದ್ದೆಯವನು ತನ್ನ ಬದಲು ಒಬ್ಬ ಆಳನ್ನು ಕಳುಹಿಸಿಯಾನು. ಅವನಿಗೆ ಅದು ಲೆಕ್ಕಕ್ಕೇ ಬಾರದು. ಅದೇ ದಿನದ ಕೂಲಿಯಿಂದ ಅದೇ ಸಂಜೆಯ ಹಿಟ್ಟು ತರುವವನಿಗೆ 26 ದಿನವೆಂದರೆ ಸುಮಾರು ಒಂದು ತಿಂಗಳ ಒಲೆ. ತೂಬು ಸರಿಹೋದರೆ ನೀರು ಹರಿಯುವುದು ಗದ್ದೆಯಿದ್ದವನ ಗದ್ದೆಗೆ. ಹೊಸ ಬಾವಿಯಿಂದ ನೀರು ಸೇದಲು ಅಸ್ಪೃಶ್ಯರೆನಿಸಿಕೊಂಡವರನ್ನು ಊರು ಬಿಡುತ್ತಿರಲಿಲ್ಲ. ತೋಡುವ ಗುದ್ದಲಿ ಮಾತ್ರ ಎಲ್ಲರ ಕೈಯಲ್ಲಿಯೂ ಇರಬಹುದಾಗಿದ್ದಿತು. ಎಲ್ಲರಿಗೂ ಸಮನಾದ ನಿಯಮ ಎಲ್ಲರಿಗೂ ಸಮನಾದ ಭಾರವಲ್ಲವೆಂಬುದನ್ನು ಹೇಳುವವನೊಬ್ಬನು ಸಮಿತಿಯಲ್ಲಿದ್ದಿದ್ದರೆ ನಿಯಮ ಬೇರೆಯಾಗುತ್ತಿತ್ತು. ಎಕರೆಗೆ ಇಷ್ಟು ದಿನ ಎಂದೋ, ನೀರುಣ್ಣುವವನಿಗೆ ಹೆಚ್ಚು ದಿನ ಎಂದೋ. ಅವನನ್ನು ಯಾರೂ ದ್ವೇಷದಿಂದ ಹೊರಗಿಟ್ಟರೆಂದು ನಾನು ಹೇಳುವುದಿಲ್ಲ. ಅವನೂ ಹೇಳಬಲ್ಲವನೆಂಬುದು ಅವರಿಗೆ ತೋಚಲಿಲ್ಲ.

ತೋಚಿಸುವ ಕೆಲಸ ಬೇರೆ ಕಡೆಯಿಂದ ಆರಂಭವಾಯಿತು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಸಭೆಗಳಲ್ಲಿಯೂ ಕಚೇರಿಗಳಲ್ಲಿಯೂ ಕುಳಿತವರು ಬಹುಮಟ್ಟಿಗೆ ಒಂದೇ ಸಮುದಾಯದವರೆಂದು ಅದರವರು ದೂರಿದರು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಸಂಪದಭ್ಯುದಯ ಸಮಾಜಕ್ಕೆ ಆ ಮೊದಲಿನ ಬಿಗಿ ಮತ್ತೆ ಬರಲಿಲ್ಲ. ಒಬ್ಬರ ಉತ್ಸಾಹದ ಮೇಲೆ ನಿಂತ ಏರ್ಪಾಡುಗಳ ಗತಿ ಇದು. ಪ್ರಜಾಪ್ರತಿನಿಧಿ ಸಭೆಯಾದರೋ ನಿಧಾನವಾಗಿ ಬಲಿಯಿತು. 1917ರಿಂದ ಆಯವ್ಯಯದ ವಿಚಾರಕ್ಕೆಂದು ವರ್ಷಕ್ಕೆ ಎರಡನೆಯ ಅಧಿವೇಶನವೊಂದು ನಡೆಯತೊಡಗಿತು. 1923ರಲ್ಲಿ, ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಗಳ ಮೇಲೆ, ಸಭೆಗೆ ಶಾಸನದ ಆಧಾರ ದೊರೆಯಿತು. ಹೊಸ ತೆರಿಗೆಗೆ ಮುಂಚೆ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಮತದಾನಕ್ಕೆ ಬೇಕಾದ ಆಸ್ತಿಯ ಅಳತೆ ತಗ್ಗಿತು. ಹೆಂಗಸರಿಗಿದ್ದ ಅಡ್ಡಿ ಹೋಯಿತು. 1926ರ ಶಾಸನದಿಂದ ಗ್ರಾಮ ಪಂಚಾಯತಿಗಳಿಗೆ ಒಂದು ನೆಲೆ ಬಂದಿತು. 1949ರಲ್ಲಿ ಸಂಸ್ಥಾನದ ಹಳೆಯ ಏರ್ಪಾಡುಗಳೊಡನೆ ಆ ಸಭೆಯೂ ಮುಗಿಯಿತು.

ಇಷ್ಟೆಲ್ಲ ಕೇಳುವ ಅಭ್ಯಾಸವಿದ್ದ ಸಂಸ್ಥಾನ ತನ್ನ ಅತ್ಯಂತ ದೊಡ್ಡ ಕೆಲಸದಲ್ಲಿ ಕೇಳಿತೆ? ಸಮಾಜವೂ ಕೃಷ್ಣರಾಜಸಾಗರವೂ ಒಂದೇ ವರ್ಷದ ಕೂಸುಗಳು. ಕಾವೇರಿಯ ಅಣೆಕಟ್ಟಿನ ಕೆಲಸ 1911ರಲ್ಲಿಯೇ ಮೊದಲಾಯಿತು. ನೀರು ಏರಿದಂತೆ ಹಳೆಯ ಕನ್ನಂಬಾಡಿ ಮುಳುಗಿತು, ಸುತ್ತಲಿನ ಊರುಗಳು ಮುಳುಗಿದವು, ಜನ ಬೇರೆ ನೆಲಕ್ಕೆ ಹೋದರು. ಎಲ್ಲಿಗೆ ಹೋಗಬೇಕೆಂಬುದನ್ನು ಸರ್ಕಾರ ಯೋಚಿಸಿತು. ಹೋಗಬೇಕೆ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಆಮೇಲೆ ಅಲ್ಲಿಂದ ಹುಲಿಕೆರೆಯ ಸುರಂಗದ ಮೂಲಕ ಮಂಡ್ಯದ ಕಡೆಗೆ ಇರ್ವಿನ್ ಕಾಲುವೆ ಹರಿಯಿತು. ಸುಮಾರು 1,20,000 ಎಕರೆಗಳಿಗೆ ನೀರುಣಿಸುವ ಅಂದಾಜು. ಅಂಕಿಗಳೆಲ್ಲ ಸರಿಯಾಗಿದ್ದವು. ನೆಲವನ್ನು ಬ್ಲಾಕುಗಳಾಗಿ ವಿಂಗಡಿಸಿ, ಮೂರರಲ್ಲೊಂದು ಭಾಗ ಕಬ್ಬು, ಒಂದು ಭಾಗ ಭತ್ತ, ಒಂದು ಭಾಗ ಅರೆಖುಷ್ಕಿಯ ಬೆಳೆ, ವರ್ಷವರ್ಷವೂ ಸರದಿಯಂತೆ ಎಂದು ಗೊತ್ತುಮಾಡಿದ್ದರು. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪೆನಿಗೆ ಕಬ್ಬು ಬೇಕಾಗಿದ್ದಿತು. ಖುಷ್ಕಿ ತರಿಯಾಗುವುದರಿಂದ ಲಾಭ ಪಡೆಯುವ ರಯತನು ಎಕರೆಗೆ ಇಷ್ಟೆಂದು ಕಾಣಿಕೆ ಕೊಡಬೇಕೆಂಬ ನಿಯಮವೂ ಇದ್ದಿತು.

ರಾಗಿಯ ರಯತನ ಕಣ್ಣಿಗೆ ಇದು ಬೇರೆಯಾಗಿ ಕಂಡಿತು. ತನ್ನ ಹೊಲದಲ್ಲಿ ಏನು ಬೆಳೆಯಬೇಕೆಂದು ಬೇರೆಯವರು ಹೇಳಬೇಕೆ? ನೀರು ನೆಲವನ್ನು ಪಳಗಿಸುವ ಮೊದಲೇ, ಬೆಲೆ ಕುಸಿದಿರುವ ಕಾಲದಲ್ಲಿ, ಕಾಣಿಕೆಯನ್ನು ಎಲ್ಲಿಂದ ತರಲಿ? ಸಮಮಾಡಿ ಗದ್ದೆ ಮಾಡುವ ಖರ್ಚು ಯಾರದು? 1930ರ ದಶಕದ ಮೊದಲ ವರ್ಷಗಳಲ್ಲಿ ಆ ಕಡೆಯ ರಯತರು ಗುಂಪುಗೂಡಿ ಪ್ರತಿಭಟಿಸಿದರು. ಅಹವಾಲಿನ ರೂಪದಲ್ಲಿಯೋ ಸಮಿತಿಯ ಸಲಹೆಯ ರೂಪದಲ್ಲಿಯೋ ಬರಬೇಕಾಗಿದ್ದ ಮಾತು ಬೀದಿಗೆ ಬಂದಿತು. ನೀರಿನ ಹಿಂದೆಯೇ ಚಳಿಜ್ವರವೂ ಕಾಲುವೆಯ ಹಳ್ಳಿಗಳಿಗೆ ಬಂದಿತು. ನೀರು ಎಲ್ಲಿ ಹರಿಯದೆ ನಿಲ್ಲುತ್ತದೆ, ಯಾವ ತಗ್ಗು ಜೌಗಾಗುತ್ತದೆ ಎಂಬುದನ್ನು ಹೇಳಬಲ್ಲ ಮುದುಕರು ಆ ಊರುಗಳ ಕಟ್ಟೆಗಳ ಮೇಲೆಯೇ ಕುಳಿತಿದ್ದರು.

ಕಾಲುವೆಯಿಂದ ಆ ಸೀಮೆ ಹಸುರಾದದ್ದು ನಿಜ. ಕ್ಷಾಮಕ್ಕೆ ಹೆದರುತ್ತಿದ್ದ ಊರುಗಳಲ್ಲಿ ಕಬ್ಬೂ ಭತ್ತವೂ ಬೆಳೆದು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಇರ್ವಿನ್ ಕಾಲುವೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟರು. ಜಲಾಶಯ ತುಂಬದ ವರ್ಷಗಳಲ್ಲಿ ಆ ಕಾಲುವೆಗೆ ನೀರು ಎಂದು ಬಿಡಬೇಕು, ಎಷ್ಟು ಸರದಿ ಬಿಡಬೇಕು, ಯಾವ ಬೆಳೆಗೆ ಬಿಡಬೇಕು ಎಂದು ಸರ್ಕಾರದವರೂ ರೈತರೂ ಇಂದಿಗೂ ವಾದಿಸುತ್ತಾರೆ.